ಭಾರ ಇಳಿಯುವ ತನಕ ಬಿಡದ ಹಿಡಿತ

ಮೈಸೂರಿನ ಬೋಗಾದಿಯ ರಿಂಗ್ ರಸ್ತೆಗೆ ಹೊಂದಿಕೊಂಡ ಖಾಲಿ ಸೈಟೊಂದಕ್ಕೆ ಮೊನ್ನೆ ಒಂದು ಕಂಟೇನರ್ ಬಂತು. ಇಪ್ಪತ್ತು ಅಡಿಯದು. ವರ್ಷಗಟ್ಟಲೆ ಸಮುದ್ರದ ಮೇಲೆ ಓಡಾಡಿ, ಉಪ್ಪುಗಾಳಿಗೆ ಬಣ್ಣ ಕಳೆದುಕೊಂಡ ಪೆಟ್ಟಿಗೆ. ಕಿಟಕಿ ಕೊರೆದು, ಹೊಸ ಬಣ್ಣ ಹೊಡೆದು ಕಾಫಿ ಅಂಗಡಿ ಮಾಡುತ್ತಾರಂತೆ. ಲಾರಿಯಿಂದ ಇಳಿಸಲು ಹೈಡ್ರಾ ಕ್ರೇನ್ ತರಿಸಿದ್ದರು. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಹವಾಯಿ ಚಪ್ಪಲಿಯಲ್ಲೇ ಲಾರಿಯ ಪಕ್ಕದಿಂದ ಹತ್ತಿ ಕಂಟೇನರಿನ ನೆತ್ತಿಗೆ ಹೋದ. ನಾಲ್ಕು ಮೂಲೆಯ ತೂತುಗಳಿಗೆ ಒಂದೊಂದಾಗಿ ಚೈನಿನ ಕೊಕ್ಕೆ ಸಿಕ್ಕಿಸಿದ. ಆಮೇಲೆ ಕೆಳಗಿಳಿಯಲಿಲ್ಲ. ಚೈನು ಹಿಡಿದುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಕ್ರೇನು ಹುಡುಗನ ಸಮೇತ ಪೆಟ್ಟಿಗೆಯನ್ನು ಎತ್ತಿತು.

ಸಂಜೆ ಹಾಲು ತರಲು ಹೊರಟಿದ್ದ ನಾನು ರಸ್ತೆಯ ಈಚೆಯಿಂದಲೇ ಕೂಗಿಕೊಂಡೆ. ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿ ನನ್ನ ಕಡೆ ತಿರುಗಿ, "ಖಾಲಿ ಡಬ್ಬ ಕಣಮ್ಮ ಅದು. ಏನೂ ಆಗಲ್ಲ, ನೀವು ನಡೀರಿ" ಅಂದರು. ಒರಟಾಗಿ ಹೇಳಲಿಲ್ಲ. ವಯಸ್ಸಾದ ಹೆಂಗಸಿಗೆ ಸಮಾಧಾನ ಹೇಳುವ ಧಾಟಿಯಲ್ಲೇ ಹೇಳಿದರು.

ಆ ಖಾಲಿ ಡಬ್ಬದ ತೂಕ ಎರಡು ಟನ್ನಿಗೂ ಮೇಲೆ. ಅದನ್ನು ಹಿಡಿಯುವುದು ಹೇಗೆ, ಎತ್ತುವುದು ಹೇಗೆ, ಮುಖ್ಯವಾಗಿ ಬಿಡುವುದು ಯಾವಾಗ ಅನ್ನುವುದೇ ನನ್ನ ಯೌವನದ ಕೆಲಸವಾಗಿತ್ತು. ಇಪ್ಪತ್ತಡಿ ಕಂಟೇನರಿನ ಮೇಲ್ಮೂಲೆಗಳ ತೂತುಗಳು, ನಡುವಿನಿಂದ ನಡುವಿಗೆ ಉದ್ದಕ್ಕೆ 5853 ಮಿಲಿಮೀಟರ್, ಅಡ್ಡಕ್ಕೆ 2259. ಪ್ರಪಂಚದ ಯಾವ ಬಂದರಿನಲ್ಲಿ ಅಳೆದರೂ ಇಷ್ಟೇ. ಎರಡು ಕರ್ಣಗಳನ್ನು ಅಳೆದರೆ ವ್ಯತ್ಯಾಸ 13 ಮಿಲಿಮೀಟರಿಗಿಂತ ಹೆಚ್ಚಿರಕೂಡದು. ಈ ಅಂಕಿಗಳು ಈಗಲೂ ನನಗೆ ಬಾಯಿಪಾಠ. ಆ ಹುಡುಗ ನೆಲಕ್ಕೆ ಇಳಿಯುವವರೆಗೂ ಅಲ್ಲೇ ನಿಂತಿದ್ದೆ. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಮೇಟಗಳ್ಳಿಯ ಡ್ರಾಯಿಂಗ್ ಆಫೀಸು, ಅಮೋನಿಯಾದ ವಾಸನೆ, ನಾವೆಲ್ಲ ಮೇಷ್ಟ್ರು ಅನ್ನುತ್ತಿದ್ದ ಹಿರಿಯರು, ಬೆಂಗಳೂರಿನ ಕಂಟೇನರ್ ಅಂಗಳದಲ್ಲಿ ಕಂಡ ಒಬ್ಬ ಖಲಾಸಿ, ಎಲ್ಲ ಒಂದರ ಹಿಂದೊಂದು ಬಂದವು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದು ಎಂಬತ್ತರ ದಶಕದ ನಡುವೆ. ಆಗ ಬೋಗಾದಿ ಇನ್ನೂ ಹಳ್ಳಿ. ಮಾನಸಗಂಗೋತ್ರಿ ದಾಟಿದರೆ ಮೈಸೂರು ಮುಗಿಯಿತು ಅಂತಲೇ ಲೆಕ್ಕ. ಅಲ್ಲಿಂದಾಚೆ ರಾಗಿ, ಹುರುಳಿ, ಅವರೆ. ಗದ್ದಿಗೆ ರಸ್ತೆಯಲ್ಲಿ ಮೋಟಾರಿಗಿಂತ ಗಾಡಿ ಎತ್ತುಗಳೇ ಜಾಸ್ತಿ ಕಾಣುತ್ತಿದ್ದವು. ಆಮೇಲೆ ಅದೇ ಊರು ಪಟ್ಟಣ ಪಂಚಾಯಿತಿಯಾಯಿತು. ಈಗ ಹೊಲಗಳಿದ್ದ ಕಡೆ ಬಡಾವಣೆಗಳು, ಬಂಡಿಜಾಡು ಇದ್ದ ಕಡೆ ರಿಂಗ್ ರಸ್ತೆ. ಹೆಣ್ಣುಮಗಳು ಮೆಕ್ಯಾನಿಕಲ್ ಓದಿ ಮಾಡುವುದೇನು ಅಂತ ಊರವರು ಕೇಳಿದಾಗ ನಮ್ಮಪ್ಪ, "ಅವಳ ಕೈಬರಹ ಚೆನ್ನಾಗಿದೆ, ನಕ್ಷೆ ಬರೀತಾಳೆ" ಅಂದುಬಿಟ್ಟಿದ್ದರು. ಹಾಗೇ ಆಯಿತು. ಮೇಟಗಳ್ಳಿ ಕಡೆಯ ಒಂದು ಸಣ್ಣ ಫ್ಯಾಬ್ರಿಕೇಶನ್ ಕಾರ್ಖಾನೆಯಲ್ಲಿ ಟ್ರೇಸರ್ ಕೆಲಸ ಸಿಕ್ಕಿತು. ಬೆಳಿಗ್ಗೆ ಬೋಗಾದಿಯಿಂದ ಸಿಟಿ ಬಸ್ ಸ್ಟ್ಯಾಂಡು, ಅಲ್ಲಿಂದ ಕೆಆರ್‌ಎಸ್ ರಸ್ತೆ ಹಿಡಿಯುವ ಬಸ್ಸು. ಸಂಜೆ ಅದೇ ದಾರಿ ತಿರುಗುಮುರುಗು.

ಟ್ರೇಸರ್ ಅಂದರೆ ಈಗಿನ ಮಕ್ಕಳಿಗೆ ವಿವರಿಸಿ ಹೇಳಬೇಕು. ಡಿಸೈನರ್ ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಶಾಯಿ ಪೆನ್ನಿನಲ್ಲಿ ಗೆರೆ ಗೆರೆಯಾಗಿ ಮತ್ತೆ ಬರೆಯುವವಳು ಟ್ರೇಸರ್. ದಪ್ಪ ಗೆರೆಗೆ ಒಂದು ಪೆನ್ನು, ಅಳತೆಯ ಗೆರೆಗೆ ತೆಳ್ಳಗಿನದು. ತಪ್ಪಿದರೆ ಬ್ಲೇಡಿನ ಅಂಚಿನಲ್ಲಿ ಹೆರೆದು, ಉಗುರಿನಲ್ಲಿ ಉಜ್ಜಿ ನುಣುಪು ಮಾಡಿ, ಮತ್ತೆ ಬರೆಯಬೇಕು. ಆ ಹಾಳೆಯಿಂದ ಅಮೋನಿಯಾ ಪ್ರಿಂಟ್ ತೆಗೆದು ಕೆಲಸದ ಶೆಡ್ಡಿಗೆ, ಅಂದರೆ ಶಾಪ್‌ಗೆ, ಕಳಿಸುತ್ತಿದ್ದರು. ಪ್ರಿಂಟ್ ತೆಗೆಯುವ ಕೋಣೆಯ ಬಾಗಿಲು ತೆರೆದರೆ ಸಾಕು, ಕಣ್ಣಲ್ಲಿ ನೀರು. ಇಡೀ ಡ್ರಾಯಿಂಗ್ ಆಫೀಸಿನಲ್ಲಿ ಹೆಂಗಸರು ಅಂದರೆ ನಾವು ಟ್ರೇಸರುಗಳಷ್ಟೇ. ನಾನು ಬರೇ ಗೆರೆ ಎಳೆಯಲಿಲ್ಲ, ಎಳೆಯುತ್ತ ಎಳೆಯುತ್ತ ಓದಿದೆ. ಈ ಪಿನ್ನು ಇಲ್ಲಿಗೆ ಯಾಕೆ ಬಂತು, ಈ ವೆಲ್ಡಿಂಗ್ ಎರಡೂ ಕಡೆ ಯಾಕೆ, ಈ ಎಂಟು ಮಿಲಿಮೀಟರ್ ಸಂದು ಯಾರಿಗೋಸ್ಕರ. ಕೇಳಿದರೆ ಮೇಷ್ಟ್ರು ಸಿಡುಕುತ್ತಿರಲಿಲ್ಲ. ಅದು ಅವರ ದೊಡ್ಡ ಗುಣ.

ಮೊದಲು ನನ್ನ ಕೈಗೆ ಬಂದದ್ದು ಕಂಟೇನರಿನದಲ್ಲ, ಕಲ್ಲು ಎತ್ತುವ ಇಕ್ಕಳದ ನಕ್ಷೆ. ಚಾಮರಾಜನಗರದ ಕರಿಕಲ್ಲಿಗೆ ಆಗಲೇ ಹೊರದೇಶಗಳಲ್ಲಿ ಬೇಡಿಕೆ ಇತ್ತು. ಕ್ವಾರಿಯವರಿಗೆ ದಿಮ್ಮಿ ಎತ್ತಲು ಕತ್ತರಿಯಂಥ ದೊಡ್ಡ ಇಕ್ಕಳ ಬೇಕು. ಮೇಲಿನ ಬಳೆಗೆ ಕ್ರೇನಿನ ಕೊಕ್ಕೆ ಹಾಕಿ ಎಳೆದರೆ ಕೆಳಗಿನ ಎರಡು ದವಡೆಗಳು ಕಲ್ಲನ್ನು ಒತ್ತಿ ಹಿಡಿಯುತ್ತವೆ. ಕಲ್ಲು ಭಾರವಾದಷ್ಟೂ ಹಿಡಿತ ಬಿಗಿ. ನನಗೆ ಇದು ಮಾಯೆಯ ಹಾಗೆ ಕಂಡಿತ್ತು. ಮೇಷ್ಟ್ರು ಲೆಕ್ಕ ತೋರಿಸಿದರು. ದವಡೆಗೂ ಕಲ್ಲಿಗೂ ನಡುವಿನ ಘರ್ಷಣೆಯ ಗುಣಾಂಕ 0.2 ಅಂತ ಹಿಡಿದರೆ, ಒಂದು ಟನ್ ದಿಮ್ಮಿ ಜಾರದೆ ನಿಲ್ಲಲು ಪ್ರತಿ ದವಡೆ ಎರಡೂವರೆ ಟನ್ನಿನಷ್ಟು ಒತ್ತಬೇಕು. ಇಕ್ಕಳದ ತೋಳುಗಳ ಉದ್ದವನ್ನು ಸರಿಯಾಗಿ ಆಯ್ದುಕೊಂಡರೆ ಆ ಒತ್ತಡ ತಾನಾಗಿ ಹುಟ್ಟುತ್ತದೆ. ಅಲ್ಲಿಗೆ ನಿಲ್ಲಿಸದೆ ಅವರು ಇನ್ನೊಂದು ಮಾತು ಹೇಳಿದರು: "ಮಳೆ ಬಂತು ಅನ್ಕೋ. ಕಲ್ಲಿನ ಮೇಲೆ ಕೆಸರು. ಗುಣಾಂಕ ಅರ್ಧಕ್ಕೆ ಇಳೀತು. ಆಗ ಐದು ಟನ್ ಒತ್ತಬೇಕು. ನಿನ್ನ ಇಕ್ಕಳಕ್ಕೆ ಮಳೆ ಬಂದದ್ದು ಗೊತ್ತಾಗತ್ತಾ?"

ಗೊತ್ತಾಗುವುದಿಲ್ಲ. ಹಿಡಿಯುವ ಯಂತ್ರಗಳಲ್ಲಿ ಎರಡು ಕುಲ ಅನ್ನುವುದನ್ನು ನಾನು ಅಲ್ಲಿ ಕಲಿತೆ. ಒಂದು ಒತ್ತಿ ಹಿಡಿಯುವುದು. ಅದು ಘರ್ಷಣೆಯನ್ನು ನಂಬಿದೆ. ಘರ್ಷಣೆ ಮಳೆಯನ್ನೂ ಎಣ್ಣೆಯನ್ನೂ ಧೂಳನ್ನೂ ನಂಬಿದೆ. ಇನ್ನೊಂದು ಆಕಾರದಿಂದ ಹಿಡಿಯುವುದು. ವಸ್ತುವಿನ ತೂತಿನೊಳಗೆ ತಲೆ ತೂರಿಸಿ ತಿರುಗಿಸಿದರೆ, ಉಕ್ಕು ಮುರಿಯದ ಹೊರತು ಬಿಡುವುದಿಲ್ಲ. ಕಂಟೇನರನ್ನು ಹಿಡಿಯುವುದು ಈ ಎರಡನೆಯ ಬಗೆಯಲ್ಲಿ.

ಆ ತೂತಿನ ಕಥೆ ದೊಡ್ಡದು. ಅಮೆರಿಕದ ಲಾರಿ ಮಾಲೀಕ ಮಾಲ್ಕಮ್ ಮೆಕ್ಲೀನ್ ತನ್ನ ಐಡಿಯಲ್ ಎಕ್ಸ್ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ಹೇರಿ ನ್ಯೂವಾರ್ಕಿನಿಂದ ಹ್ಯೂಸ್ಟನ್‌ಗೆ ಕಳಿಸಿದ್ದು 1956ರ ಏಪ್ರಿಲ್ 26ರಂದು. ಹೆಸರೆಲ್ಲ ಮೆಕ್ಲೀನನದೇ. ಆದರೆ ಪೆಟ್ಟಿಗೆಯ ಮೂಲೆಯನ್ನೂ ಅದನ್ನು ಹಿಡಿಯುವ ತಿರುಗುಬೀಗವನ್ನೂ ರೂಪಿಸಿದ್ದು ಕೀತ್ ಟ್ಯಾಂಟ್ಲಿಂಜರ್ ಎಂಬ ಎಂಜಿನಿಯರು. ಅರವತ್ತರ ದಶಕದಲ್ಲಿ ಮೆಕ್ಲೀನನ ಕಂಪನಿ ಆ ಪೇಟೆಂಟಿನ ಹಕ್ಕನ್ನು ಬಿಟ್ಟುಕೊಟ್ಟಿತು, ಲೋಕಕ್ಕೆಲ್ಲ ಒಂದೇ ಮೂಲೆ ಅಂತ ಆಯಿತು. ಮೂಲೆಯ ಎರಕದ ಮೇಲ್ಮುಖದಲ್ಲಿ 124 ಮಿಲಿಮೀಟರ್ ಉದ್ದ, 63.5 ಮಿಲಿಮೀಟರ್ ಅಗಲದ ತೂತು. ಸ್ಪ್ರೆಡರ್ ಎಂಬ ಉಕ್ಕಿನ ಚೌಕಟ್ಟು ಮೇಲಿನಿಂದ ಇಳಿದು ತನ್ನ ನಾಲ್ಕು ಪಿನ್ನುಗಳನ್ನು ಈ ನಾಲ್ಕು ತೂತುಗಳಿಗೆ ಇಳಿಬಿಡುತ್ತದೆ. ಪಿನ್ನಿನ ತಲೆ ಉದ್ದುದ್ದ. ನೇರ ಇಳಿದರೆ ತೂರುತ್ತದೆ, 90 ಡಿಗ್ರಿ ತಿರುಗಿದರೆ ಅಡ್ಡ ನಿಂತು ಮೂಲೆಯನ್ನು ಒಳಗಿನಿಂದ ಹಿಡಿಯುತ್ತದೆ. ಶಾಪ್‌ನಲ್ಲಿ ಎಲ್ಲರೂ ಅದನ್ನು ಟ್ವಿಸ್ಟ್‌ಲಾಕ್ ಅನ್ನುತ್ತಿದ್ದರು. ಕಾಯಿಸಿ ಬಡಿದು ಮಾಡಿದ ಮಿಶ್ರಲೋಹದ ಉಕ್ಕು. ಕೈಯಲ್ಲಿ ಹಿಡಿದರೆ ಅದರ ತಣ್ಣನೆಯ ತೂಕ ಮೊಣಕೈವರೆಗೂ ಗೊತ್ತಾಗುತ್ತಿತ್ತು. ಅಂಥ ಒಂದು ಪಿನ್ನನ್ನು ಮೇಷ್ಟ್ರು ಮೇಜಿನ ಮೇಲೆ ಪೇಪರ್‌ವೇಟ್ ಥರ ಇಟ್ಟುಕೊಂಡಿದ್ದರು.

ಭಾರತಕ್ಕೆ ಸಮುದ್ರದ ಕಂಟೇನರ್ ಮೊದಲು ಬಂದಿಳಿದದ್ದು ಕೊಚ್ಚಿಯಲ್ಲಿ, 1973ರಲ್ಲಿ. ಆದರೆ ಬಂದರಿನಿಂದ ರೈಲಿನ ಮೇಲೆ ಒಳನಾಡಿಗೆ ಅದು ಮೊದಲು ಬಂದದ್ದು ನಮ್ಮ ಬೆಂಗಳೂರಿಗೆ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು, ರೈಲ್ವೆಯೇ ನಡೆಸುತ್ತಿತ್ತು. ಕಾಂಕರ್ ಅನ್ನುವ ಪ್ರತ್ಯೇಕ ಸಂಸ್ಥೆ ಹುಟ್ಟಿದ್ದು ಆಮೇಲೆ, 1988ರಲ್ಲಿ. ಮೈಸೂರಿಗೆ ಆ ಪೆಟ್ಟಿಗೆಗಳು ರೈಲಿನಲ್ಲಿ ಬರುವಂತಿರಲಿಲ್ಲ. ಆಗ ನಮ್ಮದು ಮೀಟರ್ ಗೇಜು. ಇಲ್ಲಿನ ಅಗರಬತ್ತಿಯಾಗಲಿ ಕರಿಕಲ್ಲಾಗಲಿ ಲಾರಿಯಲ್ಲೇ ಹೋಗಬೇಕು. ಒಂದು ಸಾಗಣೆ ಗುತ್ತಿಗೆದಾರರು ನಮ್ಮ ಕಾರ್ಖಾನೆಗೆ ಕೆಲಸ ತಂದರು. ಅವರ ಹತ್ತಿರ ಸಾದಾ ಕ್ರೇನು ಇತ್ತು. ಅದಕ್ಕೆ ತೂಗುಹಾಕುವಂಥ, ವಿದ್ಯುತ್ತೂ ಹೈಡ್ರಾಲಿಕ್ಕೂ ಬೇಡದ ಸ್ಪ್ರೆಡರ್ ಬೇಕಿತ್ತು. ಕಂಟೇನರಿನ ಒಟ್ಟು ತೂಕ ಆಗ 24,000 ಕಿಲೋ ಅಂತ ಲೆಕ್ಕ. ಆಮೇಲೆ ಇಪ್ಪತ್ತಡಿಯದಕ್ಕೂ 30,480 ಕಿಲೋ ಆಯಿತು.

ವಿದ್ಯುತ್ತಿಲ್ಲದೆ ಪಿನ್ನು ತಿರುಗುವುದು ಹೇಗೆ? ಇದಕ್ಕೆ ಲೋಕದಲ್ಲಿ ಆಗಲೇ ಒಂದು ಉಪಾಯ ಇತ್ತು. ಸ್ಪ್ರೆಡರ್ ಕಂಟೇನರಿನ ಮೇಲೆ ಕೂತ ಮೇಲೆ ಕ್ರೇನಿನವನು ಹಗ್ಗ ಇನ್ನಷ್ಟು ಬಿಡುತ್ತಾನೆ. ಹಗ್ಗ ಸಡಿಲವಾದಾಗ ಚೌಕಟ್ಟಿನ ನಡುವಿನ ಒಂದು ದಂಡ ಕೆಳಗಿಳಿಯುತ್ತದೆ. ಮತ್ತೆ ಎಳೆದಾಗ ಆ ದಂಡ ಮೇಲೇರುತ್ತ ಹಲ್ಲುಚಕ್ರವೊಂದನ್ನು ಒಂದು ಹೆಜ್ಜೆ ತಿರುಗಿಸುತ್ತದೆ. ಚಕ್ರಕ್ಕೆ ಕಟ್ಟಿದ ನಾಲ್ಕು ಸರಳುಗಳು ನಾಲ್ಕು ಮೂಲೆಯ ಪಿನ್ನುಗಳನ್ನು ಒಟ್ಟಿಗೆ ತಿರುಗಿಸುತ್ತವೆ. ಮುಂದಿನ ಸಲ ಕಂಟೇನರನ್ನು ನೆಲಕ್ಕಿಟ್ಟು ಹಗ್ಗ ಸಡಿಲ ಬಿಟ್ಟು ಮತ್ತೆ ಎಳೆದರೆ ಇನ್ನೊಂದು ಹೆಜ್ಜೆ, ಪಿನ್ನು ಬಿಡುಗಡೆ. ಗುಂಡಿ ಒತ್ತುವ ಬಾಲ್‌ಪೆನ್ನು ಹೇಗೆ ಒಂದು ಒತ್ತಿಗೆ ಹೊರಬಂದು ಇನ್ನೊಂದು ಒತ್ತಿಗೆ ಒಳಹೋಗುತ್ತದೋ ಹಾಗೆ. ಗುರುತ್ವವೇ ಮೋಟಾರು. ಆ ನಕ್ಷೆಯನ್ನು ಟ್ರೇಸ್ ಮಾಡುವಾಗ ನನಗೆ ಆದ ಸಂತೋಷವನ್ನು ಆಮೇಲೆ ಯಾವ ಕಂಪ್ಯೂಟರ್ ಪರದೆಯೂ ಕೊಟ್ಟಿಲ್ಲ.

ಆದರೆ ಕಷ್ಟದ ಕೆಲಸ ತಿರುಗಿಸುವುದಲ್ಲ, ತಿರುಗದಂತೆ ತಡೆಯುವುದು. ನಾಲ್ಕರಲ್ಲಿ ಮೂರು ಪಿನ್ನು ತೂತಿಗಿಳಿದು ಒಂದು ಅಂಚಿನ ಮೇಲೇ ಕೂತಿದ್ದರೆ? ಆಗ ಎತ್ತಿದರೆ ಪೆಟ್ಟಿಗೆ ಓರೆಯಾಗಿ ತಿರುಚಿಕೊಂಡು ಬೀಳುತ್ತದೆ. ಅದಕ್ಕಾಗಿ ಪ್ರತಿ ಪಿನ್ನಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಗೂಟ. ಸ್ಪ್ರೆಡರ್ ಮೂಲೆಯ ಮೇಲೆ ಸರಿಯಾಗಿ ಕೂತರೆ ಮಾತ್ರ ಗೂಟ ಒಳಕ್ಕೆ ಒತ್ತಿಕೊಳ್ಳುತ್ತದೆ, ಆಗ ಮಾತ್ರ ತಡೆ ಸರಿಯುತ್ತದೆ. ನಾಲ್ಕೂ ಕೂತರೆ ನಾಲ್ಕೂ ತಿರುಗಬೇಕು, ಒಂದು ಕೂರದಿದ್ದರೂ ಯಾವುದೂ ತಿರುಗಬಾರದು. ಇನ್ನು ಭಾರ ಎತ್ತಿದ ಮೇಲೆ ಪಿನ್ನು ತನ್ನ ಸಂದಿನಷ್ಟು ಕೆಳಕ್ಕೆ ಜಗ್ಗಿ, ಸ್ಪ್ರೆಡರಿಗೂ ಮೂಲೆಗೂ ನಡುವೆ ಬಿರುಕು ಬಿಡುತ್ತದೆ. ಗೂಟ ಹೊರಕ್ಕೆ ಚಿಮ್ಮುತ್ತದೆ, ತಡೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಆಮೇಲೆ ಯಾರು ಏನೇ ಮಾಡಿದರೂ ಪಿನ್ನು ತಿರುಗದು. ಭಾರ ನೆಲ ಮುಟ್ಟಿ, ಬಿರುಕು ಮುಚ್ಚಿ, ಗೂಟ ಮತ್ತೆ ಒಳಸೇರುವ ತನಕ ಹಿಡಿತ ಬಿಡುವಂತಿಲ್ಲ. "ಮನುಷ್ಯ ಆತುರ ಮಾಡ್ತಾನೆ, ಭಾರಕ್ಕೆ ಆತುರ ಇಲ್ಲ. ಬೀಗದ ಕೀಲಿ ಭಾರದ ಕೈಗೆ ಕೊಡು" ಅನ್ನುತ್ತಿದ್ದರು ಮೇಷ್ಟ್ರು. ನಾನು ವೃತ್ತಿಯಲ್ಲಿ ಕಲಿತ ಅತ್ಯಂತ ಬೆಲೆಯುಳ್ಳ ಪಾಠ ಅದು. ಆಮೇಲಿನ ವರ್ಷಗಳಲ್ಲಿ ಡ್ರಮ್ಮು ಎತ್ತುವ ಹಿಡಿಕೆಯಿರಲಿ, ಬಾಟಲಿ ಸಾಲಿನ ಸಣ್ಣ ಗ್ರಿಪ್ಪರ್ ಇರಲಿ, ಯಾವುದನ್ನು ರೂಪಿಸಿದರೂ ಮೊದಲು ಕೇಳಿಕೊಂಡಿದ್ದು ಇದನ್ನೇ: ಬಿಡುವ ಅಧಿಕಾರ ಯಾರ ಕೈಯಲ್ಲಿದೆ?

ಮೇಷ್ಟ್ರ ಬಗ್ಗೆ ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಅವರು ನಮ್ಮನ್ನು ಶಾಪ್‌ಗೆ ಇಳಿಯಲು ಬಿಡುತ್ತಿರಲಿಲ್ಲ. "ಸೆರಗು ಲೇತಿಗೆ ಸಿಕ್ಕೀತು, ಹೋಗಬೇಡ್ರಮ್ಮ" ಅನ್ನುತ್ತಿದ್ದರು. ಆಗ ನಮಗದು ಅಕ್ಕರೆಯ ಹಾಗೆ ಕೇಳಿಸುತ್ತಿತ್ತು, ಅಕ್ಕರೆ ಇದ್ದದ್ದೂ ನಿಜ. ಆದರೆ ಸೆರಗಿಗೆ ಪರಿಹಾರ ಶಾಪ್‌ಕೋಟು, ಮುಚ್ಚಿದ ಬಾಗಿಲಲ್ಲ. ಆ ಬಾಗಿಲು ಮುಚ್ಚಿದ್ದರಿಂದಲೇ ನನ್ನ ಜೊತೆಯ ಟ್ರೇಸರುಗಳು ಟ್ರೇಸರುಗಳಾಗಿಯೇ ಉಳಿದರು. ಕಂಪ್ಯೂಟರ್ ಬಂದ ವರ್ಷ ಅವರ ಕೆಲಸವೂ ಹೋಯಿತು. ಅವರಲ್ಲಿ ಒಬ್ಬಾಕೆಯ ಕೈಗೆರೆ ನನ್ನದಕ್ಕಿಂತ ಎಷ್ಟೋ ಶುದ್ಧವಾಗಿತ್ತು, ತಲೆಯೂ ಚುರುಕು. ಮೇಷ್ಟ್ರು ಒಂದು ದಿನ ಆಕೆಯನ್ನು ಕೆಳಗೆ ಕರೆದೊಯ್ದು ಒಂದು ಪಿನ್ನಿಗೆ ಗೇಜು ಹಿಡಿಯುವುದನ್ನು ಕಲಿಸಿದ್ದರೆ ಆಕೆಯ ಬದುಕಿನ ದಾರಿಯೇ ಬೇರೆಯಾಗುತ್ತಿತ್ತು. ಇದನ್ನು ಮೇಷ್ಟ್ರ ಮೇಲಿನ ಗೌರವ ಕಡಿಮೆಯಾಗಿ ಹೇಳುತ್ತಿಲ್ಲ. ಗೌರವ ಇರುವುದರಿಂದಲೇ ಹೇಳಬೇಕು ಅನ್ನಿಸುತ್ತದೆ.

ನನಗೆ ಹೊರಗಿನ ಬಾಗಿಲು ತೆರೆದದ್ದು ಬೇರೆ ಕಾರಣಕ್ಕೆ. ಗುತ್ತಿಗೆದಾರರ ಅಂಗಳದಲ್ಲಿ ಅಳತೆ ತೆಗೆದುಕೊಂಡು ಬರಬೇಕಿತ್ತು. ಹೋಗಬೇಕಿದ್ದ ಹುಡುಗನಿಗೆ ಜ್ವರ. ನಾನು ಹೋಗುತ್ತೇನೆ ಅಂದೆ. ಬೆಳಗಿನ ರೈಲಿನಲ್ಲಿ ಮಾಲೀಕರ ತಮ್ಮನ ಜೊತೆ ಬೆಂಗಳೂರಿಗೆ ಹೋದೆ.

ಅಂಗಳದಲ್ಲಿ ಆಗ ನಡೆಯುತ್ತಿದ್ದದ್ದು ಮೊನ್ನೆ ಬೋಗಾದಿಯಲ್ಲಿ ನಡೆದದ್ದೇ. ಖಲಾಸಿಗಳು ಏಣಿ ಹಾಕಿ ಎಂಟೂವರೆ ಅಡಿ ಎತ್ತರದ ಪೆಟ್ಟಿಗೆಯ ಮೇಲೆ ಹತ್ತುತ್ತಿದ್ದರು. ಮೂಲೆಯಿಂದ ಮೂಲೆಗೆ ಓಡಿ ಕೊಕ್ಕೆ ಸಿಕ್ಕಿಸುತ್ತಿದ್ದರು. "ಹಬೇಸ್" ಅಂದರೆ ಎತ್ತು, "ಆರಿಯಾ" ಅಂದರೆ ಇಳಿಸು. ಇಡೀ ಕೆಲಸ ಈ ಎರಡು ಕೂಗಿನ ಮೇಲೆ. ಅವರ ಪೈಕಿ ನಡುವಯಸ್ಸಿನ ಒಬ್ಬಾತ ನನ್ನ ಟೇಪಿನ ತುದಿ ಹಿಡಿದುಕೊಳ್ಳಲು ಬಂದ. ಎಡಗೈಯ ಎರಡು ಬೆರಳು ಗಿಣ್ಣಿನಿಂದಾಚೆಗೆ ಇರಲಿಲ್ಲ. ಟೇಪನ್ನು ಉಳಿದ ಬೆರಳುಗಳ ನಡುವೆ ಸಿಕ್ಕಿಸಿ, ಹೆಬ್ಬೆರಳಿನಿಂದ ಎಷ್ಟು ನಿಖರವಾಗಿ ಒತ್ತಿ ಹಿಡಿದಿದ್ದ ಅಂದರೆ ಅಳತೆ ಒಂದು ಮಿಲಿಮೀಟರೂ ಅಲುಗಲಿಲ್ಲ. ನಾನು ಕೇಳಲಿಲ್ಲ, ಅವನೇ ಹೇಳಿದ. ಕೊಕ್ಕೆ ಸಿಕ್ಕಿಸಿ ಕೈ ತೆಗೆಯುವ ಮೊದಲೇ ಕ್ರೇನಿನವನು ಎಳೆದಿದ್ದ. ಚೈನು ಬಿಗಿಯಾದಾಗ ಬೆರಳು ಕೊಕ್ಕೆಗೂ ಎರಕಕ್ಕೂ ನಡುವೆ ಇತ್ತು. ಕ್ರೇನಿನವನ ಮೇಲೆ ಸಿಟ್ಟಿರಲಿಲ್ಲ. "ಅವನಿಗೆ ಕಾಣ್ಸಲ್ಲ ಮೇಡಂ. ಅಲ್ಲಿಂದ ನಾನು ಕೈ ತೆಗೆದ್ನೋ ಇಲ್ವೋ ಹೇಗೆ ಕಾಣತ್ತೆ" ಅಂದ.

ನಾನು ಪಿನ್ನು ತಿರುಗುವ ಬಗೆಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಆತ ಕೂತು ನೋಡಿದ. ಓದುಬರಹ ಅಷ್ಟಕ್ಕಷ್ಟೇ, ಆದರೆ ಯಂತ್ರದ ಚಿತ್ರ ಓದಲು ತಡವಾಗಲಿಲ್ಲ. ಆಮೇಲೆ ಕೇಳಿದ: "ತಿರುಗಿದ್ದು ನಮಗೆ ಹೇಗೆ ಗೊತ್ತಾಗತ್ತೆ? ತಿರುಗೋದು ಒಳಗೆ. ನಾವು ಇರೋದು ಕೆಳಗೆ. ಬಣ್ಣ ಇಡ್ರಿ ಮೇಡಂ. ದೂರದಿಂದ ಕಾಣೋ ಹಂಗೆ ಇಡ್ರಿ. ಕ್ರೇನಿನವನಿಗೂ ಕಾಣ್ಬೇಕು, ನಮಗೂ ಕಾಣ್ಬೇಕು."

ಮೈಸೂರಿಗೆ ಬಂದು ಮೇಷ್ಟ್ರಿಗೆ ಹೇಳಿದೆ. "ಖಲಾಸಿ ಮಾತು ಕೇಳ್ಕೊಂಡು ಡ್ರಾಯಿಂಗ್ ಮಾಡಕ್ಕಾಗತ್ತೇನಮ್ಮ" ಅಂತ ಪೆನ್ಸಿಲು ಕೆತ್ತುವುದನ್ನು ಮುಂದುವರಿಸಿದರು. ಅಂಗಳಕ್ಕೆ ಅವರು ಹೋದವರೇ ಅಲ್ಲ. ಅವರ ಪ್ರಕಾರ ನಕ್ಷೆ ಸರಿ ಇದ್ದರೆ ಅಂಗಳವೂ ಸರಿ ಇರುತ್ತದೆ. ಆದರೆ ಮುಂದಿನ ಪರಿಷ್ಕರಣೆಯ ಹಾಳೆ ನನ್ನ ಬೋರ್ಡಿಗೆ ಬಂದಾಗ, ಪ್ರತಿ ಪಿನ್ನಿನ ದಂಡದ ತುದಿಗೆ ಒಂದೊಂದು ತಗಡಿನ ಬಾವುಟ ಇತ್ತು. ಒಂದು ಮುಖ ಕೆಂಪು, ಒಂದು ಮುಖ ಹಸಿರು. ಪಿನ್ನಿನ ಜೊತೆಗೇ ತಿರುಗುವಂಥದ್ದು, ಆದ್ದರಿಂದ ಸುಳ್ಳು ಹೇಳಲಾರದು. ಮೇಷ್ಟ್ರೇ ಕೈಯಾರೆ ಬರೆದಿದ್ದರು. ಹಾಳೆಯ ಬಲಮೂಲೆಯಲ್ಲಿ ಮೂರು ಮನೆ: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಟ್ರೇಸ್ ಮಾಡಿದವಳಿಗೂ ಕೆಳಗೆ ಸಣ್ಣ ಜಾಗ ಇತ್ತು, ನನ್ನ ಹೆಸರಿನ ಮೊದಲಕ್ಷರ ಅಲ್ಲಿದೆ. ಬೆರಳಿಲ್ಲದ ಆ ಮನುಷ್ಯನಿಗೆ ಮನೆ ಇರಲಿಲ್ಲ. ಮೇಷ್ಟ್ರು ಖಲಾಸಿಯ ಮಾತನ್ನು ಒಪ್ಪಿದರು, ಖಲಾಸಿಯನ್ನು ಒಪ್ಪಲಿಲ್ಲ. ಇಷ್ಟು ವರ್ಷ ಕಳೆದ ಮೇಲೂ ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಸ್ಪ್ರೆಡರ್ ತಯಾರಾಗಿ, ಅಂಗಳದಲ್ಲಿ ಹೆಚ್ಚುವರಿ ಭಾರ ಹೇರಿ ಪರೀಕ್ಷೆ ಮಾಡಿದ ದಿನ ನನ್ನನ್ನೂ ಕರೆದೊಯ್ದರು. ಚೌಕಟ್ಟು ಇಳಿಯಿತು, ನಾಲ್ಕು ಮೂಲೆಯ ಮೇಲೆ ಕೂತಿತು, ಹಗ್ಗ ಸಡಿಲವಾಗಿ ಮತ್ತೆ ಬಿಗಿಯಾಯಿತು, ಖಟ್ ಅಂತ ಒಂದು ಸದ್ದು. ನಾಲ್ಕು ಬಾವುಟಗಳು ಒಟ್ಟಿಗೆ ಕೆಂಪಿನಿಂದ ಹಸಿರಿಗೆ ತಿರುಗಿದವು. ಪೆಟ್ಟಿಗೆಯ ನೆತ್ತಿಯ ಮೇಲೆ ಯಾರೂ ಇರಲಿಲ್ಲ. ಖಲಾಸಿಗಳು ದೂರದಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ಆತನೂ ಇದ್ದ, ಬಾವುಟದ ಕಡೆ ಕೈ ತೋರಿಸಿ ಪಕ್ಕದವರಿಗೆ ಏನೋ ಹೇಳುತ್ತಿದ್ದ.

ಆ ವರ್ಷವೇ ಗುತ್ತಿಗೆದಾರರು ಖಲಾಸಿಗಳ ತಂಡವನ್ನು ಅರ್ಧಕ್ಕೆ ಇಳಿಸಿದರು. ಆತ ಉಳಿದನೋ ಹೋದನೋ ನನಗೆ ಯಾರೂ ಹೇಳಲಿಲ್ಲ. ಯಂತ್ರ ಮಾಡುವವರು ಇಂಥ ಮಾತನ್ನು ಬೇಗ ದಾಟಿ ಹೋಗುತ್ತಾರೆ, ನಾನು ದಾಟಲಾರೆ. ಕೆಲಸ ಹೋದವರ ಮನೆಯಲ್ಲಿ ಆ ತಿಂಗಳು ಒಲೆ ಹೇಗೆ ಉರಿಯಿತು ಅನ್ನುವುದು ನಮ್ಮ ನಕ್ಷೆಯಲ್ಲಿ ಇರಲಿಲ್ಲ. ಹಾಗಂತ ಮನುಷ್ಯನನ್ನು ಪೆಟ್ಟಿಗೆಯ ಮೇಲಿನಿಂದ ಕೆಳಗಿಳಿಸಿದ್ದು ತಪ್ಪು ಅಂತ ನಾನು ಎಂದೂ ಒಪ್ಪುವುದಿಲ್ಲ. ಅವರಿಗೆ ಬೇರೆ ಕೆಲಸ ಕೊಡುವುದು ಗುತ್ತಿಗೆದಾರರ ಕರ್ತವ್ಯವಾಗಿತ್ತು, ಅವರು ಕೊಡಲಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಬೇಕು.

ಈಗ ಕಾಲ ಬಹಳ ಮುಂದೆ ಬಂದಿದೆ. ಕಾಂಕರ್ ನಿಲ್ದಾಣಗಳಲ್ಲಿ ರೀಚ್ ಸ್ಟ್ಯಾಕರುಗಳು ಓಡಾಡುತ್ತವೆ. ಅವುಗಳ ಸ್ಪ್ರೆಡರ್ ಇಪ್ಪತ್ತಡಿಯಿಂದ ನಲವತ್ತಡಿಗೆ ತಾನೇ ಚಾಚಿಕೊಳ್ಳುತ್ತದೆ, ಪಿನ್ನು ಕೂತದ್ದನ್ನೂ ತಿರುಗಿದ್ದನ್ನೂ ಸೆನ್ಸರ್ ನೋಡಿ ಕ್ಯಾಬಿನ್ನಿನ ದೀಪಕ್ಕೆ ತಿಳಿಸುತ್ತದೆ. ಖಲಾಸಿ ಕೇಳಿದ ಬಾವುಟವೇ ದೀಪವಾಗಿದೆ. ನಮ್ಮ ಮೈಸೂರಿನ ಮಗ್ಗುಲಿಗೇ, ನಂಜನಗೂಡು ದಾರಿಯ ಕಡಕೊಳದಲ್ಲಿ ಈಗ ಕಾಂಕರ್‌ನ ಕಂಟೇನರ್ ನಿಲ್ದಾಣವಿದೆ. ಮೀಟರ್ ಗೇಜಿನ ಕಾಲದಲ್ಲಿ ನಾವು ಕನಸಿನಲ್ಲೂ ಎಣಿಸದ ಸಂಗತಿ ಇದು. ಪೆಟ್ಟಿಗೆ ನಿಲ್ದಾಣದ ಬೇಲಿಯೊಳಗೆ ಇರುವ ತನಕ ಅದಕ್ಕೆ ನಿಯಮ ಇದೆ, ಯಂತ್ರ ಇದೆ, ಗೊತ್ತಿರುವವರು ಇದ್ದಾರೆ. ಅದೇ ಪೆಟ್ಟಿಗೆ ಹಳತಾಗಿ, ಮಾರಾಟವಾಗಿ, ಅಂಗಡಿಯೋ ಸೈಟ್ ಆಫೀಸೋ ಆಗಲು ನಮ್ಮ ಬೀದಿಗೆ ಬಂದ ಗಳಿಗೆಯಲ್ಲಿ ನಾಲ್ಕು ದಶಕ ಹಿಂದಕ್ಕೆ ಹೋಗಿಬಿಡುತ್ತದೆ. ನನ್ನನ್ನು ಕಾಡುವುದು ಇದು.

ಬೀದಿಯಲ್ಲಿ ಅಪಾಯ ಹೆಚ್ಚಾಗಲು ಒಂದು ಸರಳ ಕಾರಣವೂ ಇದೆ. ತಲೆಯ ಮೇಲೆ ಕರೆಂಟಿನ ತಂತಿ. ಹೈಡ್ರಾದ ಬೂಮು ಎತ್ತರಕ್ಕೆ ಹೋಗುವಂತಿಲ್ಲ. ಆದ್ದರಿಂದ ಚೈನು ಗಿಡ್ಡ ಮಾಡುತ್ತಾರೆ. ಚೈನು ಗಿಡ್ಡವಾದಷ್ಟೂ ಅದು ಮಲಗಿದ ಹಾಗೆ ಓರೆಯಾಗುತ್ತದೆ. ನೆಲಕ್ಕೆ 45 ಡಿಗ್ರಿ ಓರೆಯಲ್ಲಿ ಎಳೆದರೆ ಚೈನಿನ ಮೇಲಿನ ಎಳೆತ ನೆಟ್ಟಗೆ ಎತ್ತಿದಾಗಿನ 1.4 ಪಟ್ಟು, 30 ಡಿಗ್ರಿಗೆ ಇಳಿದರೆ ಎರಡು ಪಟ್ಟು. ಹೆಚ್ಚಾದ ಎಳೆತ ಪೆಟ್ಟಿಗೆಯ ಮೂಲೆಗಳನ್ನು ಒಳಕ್ಕೆ ಹಿಂಡುತ್ತದೆ. ಕಿಟಕಿ ಬಾಗಿಲು ಕೊರೆದ ಮೇಲಂತೂ ಆ ಹಿಂಡುವಿಕೆಯನ್ನು ತಡೆಯುವ ಗೋಡೆಯೇ ಅರ್ಧ ಹೋಗಿರುತ್ತದೆ. ಇನ್ನೊಂದು, ನಾಲ್ಕು ಚೈನು ಇದ್ದ ಮಾತ್ರಕ್ಕೆ ನಾಲ್ಕೂ ಭಾರ ಹೊರುವುದಿಲ್ಲ. ಗಟ್ಟಿ ಚೌಕಟ್ಟನ್ನು ಎತ್ತುವಾಗ ಒಂದು ಚೈನು ಕೂದಲೆಳೆ ಉದ್ದವಿದ್ದರೂ ಭಾರವೆಲ್ಲ ಎದುರುಬದುರಿನ ಎರಡರ ಮೇಲೆ ಬೀಳಬಹುದು. ಹಾಗಾಗಿ ಲೆಕ್ಕವನ್ನು ಎರಡೇ ಹೊರುತ್ತವೆ ಅಂತಲೇ ಹಾಕಬೇಕು. ತುಂಬಿದ ಕಂಟೇನರನ್ನು ಮೇಲಿನ ನಾಲ್ಕು ಮೂಲೆಗಳಿಂದ ಎತ್ತುವುದಾದರೆ ನೆಟ್ಟಗೇ ಎತ್ತಬೇಕು, ಓರೆ ಚೈನಿನಲ್ಲಿ ಎತ್ತಕೂಡದು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಎತ್ತುವ ಸಾಮಾನನ್ನು ವರ್ಷಕ್ಕೊಮ್ಮೆಯಾದರೂ ಅರ್ಹರಿಂದ ಪರೀಕ್ಷೆ ಮಾಡಿಸಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತಿತ್ತು. ಕಾರ್ಖಾನೆಯ ಗೋಡೆಯ ಒಳಗೆ ಬೇಕಾದ ಎಚ್ಚರ ನಮ್ಮ ಬೀದಿಯ ಹುಡುಗನಿಗೆ ಬೇಡವೇ?

ಮೊನ್ನೆ ಆ ಹುಡುಗ ಇಳಿದ ಮೇಲೆ ಹೋಗಿ ಮಾತಾಡಿಸಿದೆ. ಕೊಕ್ಕೆ ಸಿಕ್ಕಿಸಿದ ಮೇಲೆ ಇಳಿಯಬಹುದಿತ್ತಲ್ಲಪ್ಪ ಅಂದೆ. "ಆ ಕಡೆ ಹೋಗಿ ಮತ್ತೆ ಹತ್ತಿ ಕೊಕ್ಕೆ ಬಿಚ್ಬೇಕಲ್ಲ ಅಜ್ಜಿ, ಏಣಿ ಇಲ್ಲ" ಅಂದ. ಏಣಿ ಇಲ್ಲದ್ದಕ್ಕೆ ಪ್ರಾಣ ಒಡ್ಡಿದ್ದ. ಮೇಸ್ತ್ರಿಗೆ ಇದನ್ನೇ ಹೇಳಿದೆ. ಈ ಸಲ ಅವರು ಸಮಾಧಾನ ಹೇಳಲಿಲ್ಲ, ಕೇಳಿಸಿಕೊಂಡರು. ಹಳೆಯ ಹಾಳೆಗಳು ಈಗ ನನ್ನ ಹತ್ತಿರ ಇಲ್ಲ, ಆದರೆ ಒಂದು ಸಾದಾ ಎತ್ತುಚೌಕಟ್ಟಿನ ನಕ್ಷೆ ಬರೆಯಲು ನೆನಪು ಸಾಕು. ಐಬೀಮಿನಲ್ಲಿ ಮಾಡಿದ, ನಾಲ್ಕು ಮೂಲೆಗೆ ನೆಟ್ಟಗೆ ಇಳಿಯುವ ಚೌಕಟ್ಟು. ಪಿನ್ನನ್ನು ನೆಲದ ಮೇಲೆ ನಿಂತೇ ಹಗ್ಗದಿಂದ ತಿರುಗಿಸಬಹುದು, ಭಾರ ಇರುವಾಗ ತಿರುಗದ ಹಾಗೆ ತಡೆಯಿರುತ್ತದೆ, ಕೆಂಪು ಹಸಿರು ಬಾವುಟವಿರುತ್ತದೆ. ಬರೆದು ಕೊಟ್ಟಿದ್ದೇನೆ. ಮೈಸೂರಿನ ಹೆಬ್ಬಾಳದ ಯಾವ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಾದರೂ ಮಾಡಬಹುದಾದದ್ದು. ಮಾಡಿದ ಮೇಲೆ ಅರ್ಹ ಎಂಜಿನಿಯರಿಂದ ಭಾರ ಹಾಕಿ ಪರೀಕ್ಷೆ ಮಾಡಿಸದೆ ಬಳಸಬೇಡಿ ಅಂತ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲೇ ಬರೆದಿದ್ದೇನೆ.

ಓದುವವರಲ್ಲೂ ಒಂದು ಕೇಳಿಕೆ ಇದೆ. ನಿಮ್ಮ ರಸ್ತೆಗೆ ಕ್ರೇನು ಬಂದು ಇಂಥ ಪೆಟ್ಟಿಗೆ ಇಳಿಸುವುದು ಕಂಡರೆ ಫೋನಿನಲ್ಲಿ ವಿಡಿಯೊ ಮಾಡುತ್ತ ನಿಲ್ಲಬೇಡಿ. ಮೇಲೆ ಯಾರಾದರೂ ಇದ್ದರೆ ಮೊದಲು ಅವರನ್ನು ಇಳಿಸಿ ಅಂತ ಹೇಳಿ, ಇಳಿಯುವ ತನಕ ಎತ್ತಬೇಡಿ ಅಂತ ಹೇಳಿ. ಮಕ್ಕಳನ್ನು ದೂರ ಕರೆದುಕೊಳ್ಳಿ. ಏಣಿ ಇಲ್ಲ ಅಂದರೆ ನಿಮ್ಮ ಮನೆಯದನ್ನು ತಂದು ಕೊಡಿ.